ಪಿಜಿ ಸೀಟಿನ ಪಟ್ಟಿ ಬರೆಯುವ ಮುನ್ನ

ಮೂರೂವರೆ ತಾಸು, 200 ಪ್ರಶ್ನೆ, 800 ಅಂಕ. ನೀಟ್ ಪಿಜಿ ಎಂಬ ಈ ಪರೀಕ್ಷೆಗಾಗಿ ನೆಂಟರ ಮದುವೆ, ಊರ ಜಾತ್ರೆ ಎಲ್ಲ ಬಿಟ್ಟು ಓದಿದ ಹುಡುಗ ಹುಡುಗಿಯರು, ಫಲಿತಾಂಶ ಬಂದ ಮೇಲೆ ಕಾಲೇಜು ಮತ್ತು ವಿಭಾಗಗಳ ಪಟ್ಟಿಯನ್ನು ಮಾತ್ರ ಎರಡು ರಾತ್ರಿಯಲ್ಲಿ ಬರೆದು ಮುಗಿಸುತ್ತಾರೆ. ಅದೂ ಅರ್ಧ ಗೆಳೆಯನ ಪಟ್ಟಿ ನೋಡಿ, ಅರ್ಧ ವಾಟ್ಸ್ಆ್ಯಪ್ ಗುಂಪಿನ ಮಾತು ಕೇಳಿ. ಮುಂದೆ ಎಂಥ ರೋಗಿಗಳು ಎದುರು ಬಂದು ಕೂರುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಫೋನ್ ಬರುತ್ತದೆ, ಊರಿಗೆ ಮರಳಿದರೆ ಮಾಡಲು ಕೆಲಸ ಇದೆಯೋ ಇಲ್ಲವೋ ಎಂಬುದೆಲ್ಲ ತೀರ್ಮಾನವಾಗುವುದು ಆ ಪಟ್ಟಿಯಲ್ಲಿ.

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಿಂದ ಎಂಬಿಬಿಎಸ್ ಮುಗಿಸುವವರಲ್ಲಿ ಅನೇಕರು ಮನೆತನಕ್ಕೇ ಮೊದಲ ಡಾಕ್ಟರು. ಕೇಳೋಣವೆಂದರೆ ಡಾಕ್ಟರ್ ಕಾಕಾ ಇಲ್ಲ, ಪ್ರೊಫೆಸರ್ ಮಾಮಾ ಇಲ್ಲ. ಅಪ್ಪನಿಗೆ ಗೊತ್ತಿರುವುದು ಇಷ್ಟೇ: ಮಗ ‘ದೊಡ್ಡ ಡಾಕ್ಟರ್’ ಆಗಿ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ದವಾಖಾನೆ ಹಾಕಬೇಕು. ಅಂಥ ಮನೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ.

ಸಿಗುವ ಕ್ರಮವಲ್ಲ, ಬೇಕಾದ ಕ್ರಮ

ನಮ್ಮಲ್ಲಿ ಸೀಟು ಹಂಚುವ ರೀತಿ ಬಹಳ ಸರಳ. ಮೊದಲ ರ್‍ಯಾಂಕಿನವರ ಪಟ್ಟಿಯನ್ನು ಕಂಪ್ಯೂಟರ್ ಮೇಲಿನಿಂದ ಓದುತ್ತದೆ; ಖಾಲಿ ಇರುವ ಮೊದಲ ಸೀಟನ್ನು ಕೊಟ್ಟು ಮುಂದಿನ ರ್‍ಯಾಂಕಿಗೆ ಹೋಗುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೇಲಿನ ಐವತ್ತು ಸೀಟು ತುಂಬಿಹೋಗಿದ್ದರೆ ಅವನ್ನು ದಾಟಿ ಐವತ್ತೊಂದನೆಯದನ್ನು ನೋಡುತ್ತದೆ, ಅಷ್ಟೇ. ಮೇಲಿನ ಐವತ್ತನ್ನು ಬರೆದದ್ದಕ್ಕೆ ದಂಡವಿಲ್ಲ, ಹಿನ್ನಡೆಯೂ ಇಲ್ಲ.

ಇಷ್ಟು ಗೊತ್ತಿದ್ದೂ ‘ಸಿಗದ ಕಾಲೇಜು ಮೇಲೆ ಬರೆದು ಮೊದಲ ಆಪ್ಷನ್ ಹಾಳು ಮಾಡ್ಕೋಬ್ಯಾಡ’ ಎಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಇದು ಪೂರಾ ತಪ್ಪು ತಿಳಿವಳಿಕೆ. ಒಬ್ಬ ಅಭ್ಯರ್ಥಿಗೆ ಮನಸ್ಸಿನಲ್ಲಿ ಬೇಕಾದದ್ದು ಬೆಂಗಳೂರು ವೈದ್ಯಕೀಯ ಕಾಲೇಜಿನ ರೇಡಿಯಾಲಜಿ, ಆಮೇಲೆ ಹುಬ್ಬಳ್ಳಿಯ ಜನರಲ್ ಮೆಡಿಸಿನ್, ಆಮೇಲೆ ಬಳ್ಳಾರಿಯ ಜನರಲ್ ಮೆಡಿಸಿನ್, ಕೊನೆಗೆ ಹುಬ್ಬಳ್ಳಿಯ ಅರಿವಳಿಕೆ ವಿಭಾಗ ಎನ್ನೋಣ. ರೇಡಿಯಾಲಜಿ ಹೇಗೂ ಸಿಗದೆಂದು ಅದನ್ನು ಬಿಟ್ಟರೆ ಗಳಿಸಿದ್ದೇನೂ ಇಲ್ಲ. ಆ ವರ್ಷ ಕಟ್ ಆಫ್ ಜಾರಿದರೆ ಕಳೆದುಕೊಂಡದ್ದು ಮಾತ್ರ ಬಹಳ. ‘ಬಳ್ಳಾರಿ ಸಿಗುವುದು ಖಾತ್ರಿ’ ಎಂದು ಅದನ್ನು ಹುಬ್ಬಳ್ಳಿಗಿಂತ ಮೇಲೆ ಬರೆದರೆ ಇನ್ನೂ ಕೆಟ್ಟದ್ದು. ಹುಬ್ಬಳ್ಳಿ ಖಾಲಿ ಇದ್ದರೂ ಕಂಪ್ಯೂಟರ್ ಬಳ್ಳಾರಿಯನ್ನೇ ಕೊಟ್ಟು ಮುಗಿಸುತ್ತದೆ. ನಿಮ್ಮ ಮನಸ್ಸು ಅದಕ್ಕೆ ಗೊತ್ತಿಲ್ಲ, ಗೊತ್ತಿರುವುದು ನೀವು ಬರೆದ ಕ್ರಮ.

ಅಮೆರಿಕಕ್ಕೆ ಹೋದ ನಮ್ಮವರು ಹೇಳುವ ‘ಮ್ಯಾಚ್’ ಬೇರೆ ಬಗೆಯದು. 1952ರಿಂದ ನಡೆದುಬಂದ ಆ ಪದ್ಧತಿಯಲ್ಲಿ ಅಭ್ಯರ್ಥಿಯ ಸಂದರ್ಶನ ಮಾಡಿದ ಆಸ್ಪತ್ರೆಯೂ ತನ್ನದೊಂದು ಪಟ್ಟಿ ಬರೆಯುತ್ತದೆ. ಎರಡನ್ನೂ ಹೊಂದಿಸಿ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಕೊಡುತ್ತಾರೆ. ಇಂಥ ಹೊಂದಾಣಿಕೆಯ ಗಣಿತಕ್ಕೆ ಲಾಯ್ಡ್ ಶಾಪ್ಲಿ ಮತ್ತು ಆಲ್ವಿನ್ ರೋತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಲ್ಲಿಯೂ ಅಭ್ಯರ್ಥಿಗಳಿಗೆ ತಜ್ಞರು ಹೇಳುವ ಬುದ್ಧಿಮಾತು ಇದೇ: ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ನಮ್ಮಲ್ಲಿ ಕಾಲೇಜಿಗೆ ಆಯ್ಕೆಯ ಮಾತೇ ಇಲ್ಲ, ರ್‍ಯಾಂಕ್ ಒಂದೇ ಮಾತಾಡುತ್ತದೆ. ಹಾಗಾಗಿ ಇಲ್ಲಿ ಜಾಣತನ ತೋರಿಸಲು ಇನ್ನೂ ಕಡಿಮೆ ಜಾಗ.

ಹಾಗಾದರೆ ತಲೆ ಖರ್ಚು ಮಾಡಬೇಕಾದದ್ದು ಎಲ್ಲಿ? ಪಟ್ಟಿಯ ತುದಿಯಲ್ಲಲ್ಲ, ಬುಡದಲ್ಲಿ. ಯಾವ ಸೀಟಿನ ಕೆಳಗೆ ಗೆರೆ ಎಳೆದು ನಿಲ್ಲಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಸಿಕ್ಕರೆ ಹೋಗಿ ಸೇರದ ಸೀಟನ್ನು ‘ಇರಲಿ’ ಎಂದು ಬರೆಯಬಾರದು. ಯಾಕೆಂದರೆ ಸುತ್ತುಗಳು ಮುಂದೆ ಸಾಗಿದಂತೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ.

ಎರಡು ಬಾಗಿಲು, ಎರಡು ಕಾನೂನು

ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನು ಹಂಚುವುದು ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಅಂದರೆ ಎಂಸಿಸಿ. ಡೀಮ್ಡ್ ವಿಶ್ವವಿದ್ಯಾಲಯಗಳ ಎಲ್ಲ ಸೀಟುಗಳೂ ಡಿಎನ್‌ಬಿ ಸೀಟುಗಳೂ ಅಲ್ಲಿಯೇ. ಬೆಳಗಾವಿಯ ಜೆಎನ್‌ಎಂಸಿ, ವಿಜಯಪುರದ ಬಿಎಲ್‌ಡಿಇ ನಮಗೆ ಎಷ್ಟೇ ಹತ್ತಿರವಿದ್ದರೂ ಡೀಮ್ಡ್ ಆದ್ದರಿಂದ ಅವನ್ನು ಎಂಸಿಸಿ ಪಟ್ಟಿಯಲ್ಲೇ ಹುಡುಕಬೇಕು. ಉಳಿದರ್ಧ ಸರ್ಕಾರಿ ಸೀಟುಗಳನ್ನೂ ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಹಂಚುತ್ತದೆ. ಇದಲ್ಲದೆ ಏಮ್ಸ್, ಜಿಪ್‌ಮರ್, ಚಂಡೀಗಢದ ಪಿಜಿಐ ಮತ್ತು ನಮ್ಮ ನಿಮ್ಹಾನ್ಸ್‌ಗೆ ವರ್ಷಕ್ಕೆ ಎರಡು ಬಾರಿ ಐಎನ್‌ಐ-ಸಿಇಟಿ ಎಂಬ ಬೇರೆಯೇ ಪರೀಕ್ಷೆಯಿದೆ. ಅದಕ್ಕೆ ನೀಟ್ ರ್‍ಯಾಂಕ್ ಲೆಕ್ಕಕ್ಕಿಲ್ಲ.

ಎಂಸಿಸಿಯಲ್ಲಿ ಮೂರು ಸುತ್ತು, ಕೊನೆಗೆ ಉಳಿದ ಸೀಟುಗಳಿಗೆ ಸ್ಟ್ರೇ ಸುತ್ತು. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಬೇಡವೆಂದು ಬಿಟ್ಟರೆ ಏನೂ ಹೋಗುವುದಿಲ್ಲ. ಎರಡನೇ ಸುತ್ತಿನಲ್ಲಿ ಸಿಕ್ಕದ್ದನ್ನು ಸೇರದೆ ಬಿಟ್ಟರೆ ಠೇವಣಿ ಹೋಗುತ್ತದೆ. ಅಖಿಲ ಭಾರತ ಕೋಟಾಕ್ಕೆ ಈ ಠೇವಣಿ ಸಾಮಾನ್ಯ ವರ್ಗಕ್ಕೆ 25,000 ರೂಪಾಯಿ, ಮೀಸಲಾತಿ ವರ್ಗಗಳಿಗೆ 10,000. ಡೀಮ್ಡ್ ಸೀಟುಗಳಿಗೆ ಎಲ್ಲರಿಗೂ 2 ಲಕ್ಷ. ಮುಂದಿನ ಸುತ್ತುಗಳಲ್ಲಿ ಕಟ್ಟುಪಾಡು ಇನ್ನೂ ಬಿಗಿ. ಕೊನೆಯ ಸುತ್ತಿನಲ್ಲಿ ಸಿಕ್ಕ ಸೀಟನ್ನು ಬಿಟ್ಟವರನ್ನು ಮುಂದಿನ ಪರೀಕ್ಷೆಯಿಂದಲೇ ದೂರ ಇಡುವ ನಿಯಮವೂ ಬಂದಿದೆ. ಎರಡನೇ ಸುತ್ತಿನಿಂದಾಚೆ ಎಂಸಿಸಿ ಸೀಟು ಹಿಡಿದು ಕೂತವರ ಹೆಸರು ರಾಜ್ಯಗಳಿಗೆ ಹೋಗುತ್ತದೆ. ಆಮೇಲೆ ಕೆಇಎ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ.

‘ಅಪ್‌ಗ್ರೇಡ್’ ಎಂದು ಒಪ್ಪಿಗೆ ಕೊಟ್ಟವರು ಒಂದು ಮಾತು ನೆನಪಿಡಬೇಕು. ಮೇಲಿನ ಸೀಟು ಸಿಕ್ಕ ಕ್ಷಣವೇ ಕೈಯಲ್ಲಿದ್ದ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ‘ಹೊಸದು ಇಷ್ಟವಾಗಲಿಲ್ಲ, ಹಳೆಯದೇ ಇರಲಿ’ ಎನ್ನಲು ಬರುವುದಿಲ್ಲ. ಆದ್ದರಿಂದ ಎರಡನೇ ಸುತ್ತಿಗೆ ಪಟ್ಟಿ ಬರೆಯುವಾಗ ಕೈಯಲ್ಲಿರುವ ಸೀಟಿಗಿಂತ ನಿಜವಾಗಿ ಮೇಲು ಎನಿಸುವುದನ್ನು ಮಾತ್ರ ಬರೆಯಿರಿ. ಕೆಇಎಯಲ್ಲಿ ಸೀಟು ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದು, ಇಟ್ಟುಕೊಂಡು ಮುಂದಿನ ಸುತ್ತು ಕಾಯುವುದು, ಬಿಟ್ಟು ಕಾಯುವುದು, ಪೂರಾ ಹೊರಬರುವುದು ಎಂಬ ಚಾಯ್ಸ್‌ಗಳಿರುತ್ತವೆ. ಸುತ್ತಿನಿಂದ ಸುತ್ತಿಗೆ ಇವುಗಳ ಪರಿಣಾಮ ಬೇರೆ. ಆ ವರ್ಷದ ಕೈಪಿಡಿಯನ್ನು ಸ್ವತಃ ಓದಿ. ಸೈಬರ್ ಸೆಂಟರಿನವನ ಮಾತಿನ ಮೇಲೆ ಗುಂಡಿ ಒತ್ತಬೇಡಿ.

ರಾಜ್ಯ ಕೋಟಾಕ್ಕೆ ಯಾರು ಅರ್ಹರು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. 2025ರ ಜನವರಿ 29ರಂದು ಸುಪ್ರೀಂ ಕೋರ್ಟ್, ಪಿಜಿ ವೈದ್ಯಕೀಯ ಸೀಟುಗಳಿಗೆ ವಾಸಸ್ಥಳದ ಆಧಾರದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ಅದೇ ರಾಜ್ಯದ ಸಂಸ್ಥೆಯಲ್ಲಿ ಎಂಬಿಬಿಎಸ್ ಓದಿದವರಿಗೆ ಒಂದಿಷ್ಟು ಆದ್ಯತೆ ಕೊಡಬಹುದು ಎಂದಿತು. ಹೊರರಾಜ್ಯದಲ್ಲೋ ವಿದೇಶದಲ್ಲೋ ಓದಿ ಬಂದವರು ಕೆಇಎ ಕೈಪಿಡಿಯ ಅರ್ಹತೆಯ ಕಲಂಗಳನ್ನು ಎರಡು ಸಲ ಓದಬೇಕು.

ಗಜೇಂದ್ರಗಡದವರಿಗೆ ಇನ್ನೊಂದು ಸೂಕ್ಷ್ಮ. ಊರಿನಿಂದ ಸ್ವಲ್ಪ ಆಚೆ ಹೋದರೆ ಕುಷ್ಟಗಿ, ಯಲಬುರ್ಗಾ. ಅವು ಕೊಪ್ಪಳ ಜಿಲ್ಲೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿ. ಗದಗ ಜಿಲ್ಲೆ ಆ ವ್ಯಾಪ್ತಿಯಲ್ಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಕಡೆ ಸೀಟುಗಳ ಬಹುಪಾಲು ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ. ಕಳೆದ ವರ್ಷದ ಕಟ್ ಆಫ್ ನೋಡುವಾಗ ಆ ಸಾಲಿನ ರ್‍ಯಾಂಕ್ ನೋಡಿ ‘ನನಗೂ ಸಿಗುತ್ತದೆ’ ಎಂದು ಹಿಗ್ಗಿದರೆ ಕೆಟ್ಟಿತು. ನಿಮಗೆ ಅನ್ವಯಿಸುವುದು ಪಕ್ಕದ ಸಾಲು.

ಕಟ್ ಆಫ್ ನೋಡುವ ಬಗೆಯೂ ಅಷ್ಟೇ. ಒಂದೇ ವರ್ಷದ್ದು ಸಾಲದು, ಮೂರು ವರ್ಷದ್ದು ಬೇಕು. ಅಂಕ ನೋಡಬೇಡಿ, ರ್‍ಯಾಂಕ್ ನೋಡಿ. ಪ್ರಶ್ನೆಪತ್ರಿಕೆಯ ಕಷ್ಟ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೋಟಾ, ವರ್ಗ, ಸುತ್ತು ಮೂರೂ ನಿಮ್ಮದಕ್ಕೆ ಹೊಂದಬೇಕು. ಕಾಲೇಜಿನ ಹೆಸರು ಬದಲಾದದ್ದೂ ಗಮನದಲ್ಲಿರಲಿ. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಕಾಲೇಜನ್ನು ಜನ ಇಂದಿಗೂ ಕಿಮ್ಸ್ ಎನ್ನುತ್ತಾರೆ, ಕಾಗದದಲ್ಲಿ ಅದೀಗ ಕೆಎಂಸಿಆರ್‌ಐ. ಬಳ್ಳಾರಿಯ ವಿಮ್ಸ್ ಕೂಡ ಹೆಸರು ಬದಲಿಸಿಕೊಂಡಿದೆ. ಹಳೆಯ ಹೆಸರಿನಲ್ಲಿ ಹುಡುಕಿ ಸಿಗದೆ ಬಿಟ್ಟರೆ ನಷ್ಟ ನಿಮ್ಮದೇ.

ವಿಭಾಗ ಮೊದಲೋ, ಕಾಲೇಜು ಮೊದಲೋ

ಇದು ಎಲ್ಲರ ಪ್ರಶ್ನೆ. ನನ್ನ ಉತ್ತರ: ವಿಭಾಗ ಮೊದಲು, ಕಾಲೇಜು ಆಮೇಲೆ, ಊರು ಕೊನೆಗೆ. ಕಾಲೇಜು ಮೂರು ವರ್ಷದ್ದು, ವಿಭಾಗ ಆಯುಷ್ಯದ್ದು. ಆದರೆ ಇದಕ್ಕೆ ಒಂದು ತಿದ್ದುಪಡಿ ಉಂಟು. ಶಸ್ತ್ರಚಿಕಿತ್ಸೆಯ ವಿಭಾಗಗಳಲ್ಲಿ ಕಾಲೇಜಿನ ತೂಕ ಹೆಚ್ಚು, ಯಾಕೆಂದರೆ ಅಲ್ಲಿ ಕೈ ಪಳಗದೆ ಪದವಿ ಬಂದರೆ ಅದು ಗೋಡೆಗೆ ತೂಗುಹಾಕಲು ಮಾತ್ರ. ಜನರಲ್ ಸರ್ಜರಿ, ಮೂಳೆ, ಹೆರಿಗೆ ವಿಭಾಗಗಳಿಗೆ ರೋಗಿಗಳು ಕಿಕ್ಕಿರಿದ ಸರ್ಕಾರಿ ಆಸ್ಪತ್ರೆಯೇ ಮೇಲು. ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ‘ಹುಬ್ಬಳ್ಳಿಗೆ ಬರೆದುಕೊಟ್ಟರು’ ಎಂದು ಆಂಬ್ಯುಲೆನ್ಸ್ ಹತ್ತುವ ರೋಗಿಗಳೆಲ್ಲ ಬಂದು ಇಳಿಯುವ ಜಾಗದಲ್ಲಿ ಕಲಿಯುವುದನ್ನು ನುಣ್ಣನೆಯ ನೆಲದ ಕಾರ್ಪೊರೇಟ್ ಆಸ್ಪತ್ರೆ ಕಲಿಸಲಾರದು. ಅಲ್ಲಿ ದುಡ್ಡು ಕೊಟ್ಟ ರೋಗಿಯ ಮೈಮೇಲೆ ಕತ್ತರಿ ಹಿಡಿಯುವವರು ಕನ್ಸಲ್ಟೆಂಟರು; ಪಿಜಿ ಪಕ್ಕದಲ್ಲಿ ನಿಂತು ನೋಡಬೇಕು.

ಈಗ ರೋಣ, ನರಗುಂದ, ಗಜೇಂದ್ರಗಡದ ಕಣ್ಣಿನಿಂದ ವಿಭಾಗಗಳನ್ನು ನೋಡೋಣ. ತಾಲ್ಲೂಕು ಆಸ್ಪತ್ರೆಯಲ್ಲಿ ನಡುರಾತ್ರಿ ಒಂದು ಸಿಸೇರಿಯನ್ ಆಗಬೇಕಾದರೆ ಮೂವರು ಬೇಕು: ಹೆರಿಗೆ ತಜ್ಞೆ, ಅರಿವಳಿಕೆ ತಜ್ಞ, ಮಕ್ಕಳ ತಜ್ಞ. ಮೂವರಲ್ಲಿ ಅರಿವಳಿಕೆಯವರು ಇಲ್ಲದಿದ್ದರೆ ಉಳಿದಿಬ್ಬರು ಇದ್ದೂ ಗರ್ಭಿಣಿ ಗದಗಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಹೀಗಿದ್ದೂ ನಮ್ಮ ಮನೆಗಳಲ್ಲಿ ಅರಿವಳಿಕೆ ಎಂದರೆ ಮುಖ ಸಿಂಡರಿಸುತ್ತಾರೆ. ‘ಸೂಜಿ ಕೊಡೋ ಡಾಕ್ಟರ್ ಆಗಾಕ ಇಷ್ಟು ಓದಬೇಕಿತ್ತೇನು?’ ಅವರ ಹೆಸರಿನ ಬೋರ್ಡು ಬಸ್ ಸ್ಟ್ಯಾಂಡಿನಲ್ಲಿ ಕಾಣುವುದಿಲ್ಲ ಎಂಬುದೇ ತಕರಾರು. ನಿಜ ಏನೆಂದರೆ ಸಣ್ಣ ಊರಿನಲ್ಲಿ ಸ್ವಂತ ದವಾಖಾನೆ ಕಟ್ಟಡಕ್ಕೆ, ಯಂತ್ರಕ್ಕೆ ಒಂದು ರೂಪಾಯಿ ಹಾಕದೆ ಮೊದಲ ತಿಂಗಳಿಂದ ದುಡಿಯಬಹುದಾದ ವಿಭಾಗಗಳಲ್ಲಿ ಇದೂ ಒಂದು. ನಾನಾದರೆ ಪಟ್ಟಿಯಲ್ಲಿ ಇದನ್ನು ಸಾಮಾನ್ಯವಾಗಿ ಬರೆಯುವುದಕ್ಕಿಂತ ಮೇಲೆ ಬರೆಯುತ್ತೇನೆ.

ಜನರಲ್ ಮೆಡಿಸಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಳ್ಳಿ ಹಳ್ಳಿ ಹೊಕ್ಕಿವೆ. ಹೊಲಗಳಿಂದ ಹಾವು ಕಚ್ಚಿದವರು, ಕೀಟನಾಶಕ ಕುಡಿದವರು ಬರುತ್ತಾರೆ. ಮುಂದೆ ಹೃದಯ, ನರ, ಮೂತ್ರಪಿಂಡದ ಡಿಎಂ ಮಾಡುವ ಆಸೆ ಇದ್ದವರಿಗೆ ಇದೇ ಹೆಬ್ಬಾಗಿಲು. ಆದರೆ ಡಿಎಂ ಎಂದರೆ ಇನ್ನೂ ಮೂರು ವರ್ಷ, ಇನ್ನೊಂದು ನೀಟ್. ಆ ತ್ರಾಣ ಇದೆಯೇ ಎಂದು ಈಗಲೇ ಕೇಳಿಕೊಳ್ಳಿ. ಮೂಳೆ ವಿಭಾಗಕ್ಕೆ ನರಗುಂದದಲ್ಲಿ ಕೆಲಸದ ಕೊರತೆಯಾಗದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಊರನ್ನು ಹಾದು ಹೋಗುತ್ತದೆ.

ಹೆಣ್ಣುಮಕ್ಕಳ ಪಟ್ಟಿಯನ್ನು ಮನೆಯವರೇ ಬರೆದುಬಿಡುವುದು ಒಂದು ದೊಡ್ಡ ತೊಂದರೆ. ‘ಚರ್ಮದ ಡಾಕ್ಟರ್ ಆಗವ್ವಾ, ರಾತ್ರಿ ಡ್ಯೂಟಿ ಇರಂಗಿಲ್ಲ, ವರ ಸಿಗ್ತಾನ’ ಎಂಬ ಲೆಕ್ಕ. ಚರ್ಮರೋಗ ಒಳ್ಳೆಯ ವಿಭಾಗವೇ, ಅದಕ್ಕೆ ಮೇಲಿನ ರ್‍ಯಾಂಕೂ ಬೇಕು. ಆದರೆ ಸರ್ಜರಿ ಬೇಕೆಂದು ಮನಸ್ಸು ಹೇಳುವ ಹುಡುಗಿಗೆ ಚರ್ಮರೋಗ ಬರೆಸಿದರೆ ಮೂವತ್ತು ವರ್ಷದ ಬೇಸರವನ್ನು ಕೊಡುಗೆಯಾಗಿ ಕೊಟ್ಟಂತೆ. ಅಪ್ಪ ಅಮ್ಮ ಹಣದ ಮಿತಿ ಹೇಳಲಿ, ಅದು ಅವರ ಹಕ್ಕು. ವಿಭಾಗ ಆರಿಸುವುದು ಓದುವವರ ಹಕ್ಕು.

ರೇಡಿಯಾಲಜಿಗೆ ಎಲ್ಲರ ಕಣ್ಣು. ಊರಿಗೆ ಮರಳುವವರು ತಿಳಿದಿರಬೇಕಾದ ಒಂದು ನಿಯಮವಿದೆ: ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನಿಯಮಗಳ ಪ್ರಕಾರ ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಹೆಚ್ಚೆಂದರೆ ಎರಡು ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಮಾತ್ರ ಅಲ್ಟ್ರಾಸೌಂಡ್ ಮಾಡಲು ನೋಂದಾಯಿಸಿಕೊಳ್ಳಬಹುದು. ರೋಣದಲ್ಲೊಂದು, ಗಜೇಂದ್ರಗಡದಲ್ಲೊಂದು, ನರಗುಂದದಲ್ಲೊಂದು ಎಂದು ವಾರದಲ್ಲಿ ಮೂರು ಊರು ಸುತ್ತುವ ಯೋಜನೆ ನಡೆಯದು. ಯಂತ್ರಗಳ ಬೆಲೆ, ನೋಂದಣಿ, ಪ್ರತಿ ಗರ್ಭಿಣಿಗೂ ತುಂಬಬೇಕಾದ ಫಾರಂ ಎಲ್ಲ ಸೇರಿ ಇದು ದೊಡ್ಡ ಊರಿಗೆ ಹೊಂದುವ ವಿಭಾಗ.

ಮನೋರೋಗ ವಿಭಾಗವನ್ನು ನಮ್ಮ ಕಡೆಯವರು ಪಟ್ಟಿಯ ತಳಕ್ಕೆ ತಳ್ಳುತ್ತಾರೆ. ಹತ್ತಿರದಲ್ಲೇ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತಾಲ್ಲೂಕು ಊರುಗಳಲ್ಲಿ ಮನೋವೈದ್ಯರು ಬಹಳ ವಿರಳ. ಕುಡಿತ, ಸಾಲ, ಆತ್ಮಹತ್ಯೆಯ ಯತ್ನಗಳನ್ನು ಕಂಡ ಒಣಬೇಸಾಯದ ನಾಡಿನಲ್ಲಿ ಇದಕ್ಕೆ ಬೇಡಿಕೆ ಇಲ್ಲ ಎನ್ನುವವರು ಆ ರೋಗಿಗಳು ಎಲ್ಲಿಗೆ ಹೋಗುತ್ತಿದ್ದಾರೆ ಎಂದು ನೋಡಿಲ್ಲ.

ಪ್ಯಾಥಾಲಜಿ, ಮೈಕ್ರೊಬಯಾಲಜಿ, ಸಮುದಾಯ ವೈದ್ಯಕೀಯ ಬೇಕೆಂದೇ ತೆಗೆದುಕೊಂಡವರು ಸುಖವಾಗಿದ್ದಾರೆ. ‘ಏನೋ ಒಂದು ಎಂಡಿ’ ಎಂದು ಹೋದವರು ಮುಂದಿನ ವರ್ಷ ಮತ್ತೆ ನೀಟ್ ಪುಸ್ತಕ ತೆಗೆಯುತ್ತಾರೆ, ಆಗ ಸೀಟು ಬಿಟ್ಟದ್ದಕ್ಕೆ ದಂಡವನ್ನೂ ಕಟ್ಟುತ್ತಾರೆ. 2023ರಲ್ಲಿ ಸೀಟು ತುಂಬದೆ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದ್ದು ನೆನಪಿರಬಹುದು. ಕೊನೆಗೆ ಉಳಿಯುವುದು ಹೆಚ್ಚಾಗಿ ರೋಗಿಗಳಿಲ್ಲದ ವಿಭಾಗಗಳು ಮತ್ತು ದುಬಾರಿ ಖಾಸಗಿ ಸೀಟುಗಳು. ಗಾಬರಿಯಿಂದ ಅವುಗಳ ಮೇಲೆ ಬೀಳಬೇಡಿ.

ಡಿಎನ್‌ಬಿಯನ್ನು ಎಂಡಿ, ಎಂಎಸ್‌ಗೆ ಸಮವೆಂದು ಮಾನ್ಯ ಮಾಡಲಾಗಿದೆ. ‘ಅದು ಕಡಿಮೆ ದರ್ಜೆ’ ಎಂಬುದು ಹಳೆಯ ಮಾತು. ಪರೀಕ್ಷೆ ಮಾತ್ರ ಕಠಿಣ. ಹೆರಿಗೆ, ಮಕ್ಕಳು, ಅರಿವಳಿಕೆ, ಕುಟುಂಬ ವೈದ್ಯಕೀಯ ಮೊದಲಾದವುಗಳಲ್ಲಿ ಎಂಬಿಬಿಎಸ್ ನಂತರದ ಎರಡು ವರ್ಷದ ಡಿಪ್ಲೊಮಾಗಳನ್ನೂ ಡಿಎನ್‌ಬಿ ಕೊಡುವ ಮಂಡಳಿಯೇ ನಡೆಸುತ್ತದೆ. ತಾಲ್ಲೂಕಿನಲ್ಲೇ ನೆಲೆಸುವ ಮನಸ್ಸಿದ್ದು, ಪ್ರಾಧ್ಯಾಪಕರಾಗುವ ಹಂಬಲ ಇಲ್ಲದವರು ಇವನ್ನು ಪಟ್ಟಿಯ ನಡುವೆ ಸೇರಿಸುವುದು ಜಾಣತನ.

ಕಾಲೇಜಿಗೆ ಹೋಗಿ ಕೇಳಬೇಕಾದ್ದು

ವೆಬ್‌ಸೈಟಿನಲ್ಲಿ ಎಲ್ಲ ಕಾಲೇಜೂ ಚೆಂದ. ನಿಜ ತಿಳಿಯಬೇಕಾದರೆ ಈಗ ಎರಡನೇ ವರ್ಷದಲ್ಲಿರುವ ಪಿಜಿಯನ್ನು ಕೇಳಬೇಕು. ಮೊದಲ ವರ್ಷದವರಿಗೆ ಅಳಲು ಜಾಸ್ತಿ, ಮೂರನೇ ವರ್ಷದವರಿಗೆ ಥೀಸಿಸ್ ಮತ್ತು ಪರೀಕ್ಷೆಯ ಚಿಂತೆ. ಎಷ್ಟು ಯೂನಿಟ್, ಎಷ್ಟು ಪಿಜಿ, ಎಮರ್ಜೆನ್ಸಿ ಡ್ಯೂಟಿ ಎಷ್ಟು ದಿನಕ್ಕೊಮ್ಮೆ, ಮರುದಿನ ಬಿಡುತ್ತಾರೋ ಇಲ್ಲವೋ, ಕೊನೆಯ ವರ್ಷದವರು ತಾವೇ ಮಾಡುವ ಕೇಸುಗಳು ಯಾವುವು, ಪ್ರಾಧ್ಯಾಪಕರು ನಿಜವಾಗಿ ಇದ್ದಾರೋ ಅಥವಾ ತಪಾಸಣೆಯ ದಿನ ಮಾತ್ರ ಬರುತ್ತಾರೋ, ಸ್ಟೈಪೆಂಡ್ ಪ್ರತಿ ತಿಂಗಳು ಖಾತೆಗೆ ಬೀಳುತ್ತದೋ, ಬಿದ್ದದ್ದನ್ನು ಬೇರೆ ಹೆಸರಿನಲ್ಲಿ ಹಿಂದಕ್ಕೆ ಕೇಳುತ್ತಾರೋ. ಒಬ್ಬರನ್ನೇ ಕೇಳಬೇಡಿ. ಇಬ್ಬರ ಉತ್ತರ ತಾಳೆಯಾದರೆ ನಂಬಿ.

ಕಾಗದದಲ್ಲಿ ನಿಯಮಗಳು ಪಿಜಿಗಳ ಪರವಾಗಿವೆ. ರೆಸಿಡೆಂಟರಿಗೆ ವಾರಕ್ಕೆ 48 ತಾಸು ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 2023ರ ಪಿಜಿ ನಿಯಮಾವಳಿಯಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಂಬಳಸಹಿತ ರಜೆ ಇದೆ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ತಾಸು ಮೀರಬಾರದು ಎಂದಿತು. ಮಿತಿಯನ್ನೇ 74ಕ್ಕೆ ಇಡಬೇಕಾಯಿತು ಎಂದರೆ ನಿಜವಾದ ದುಡಿಮೆ ಎಷ್ಟಿರಬಹುದು, ಊಹಿಸಿ. ನಿದ್ದೆಗೆಟ್ಟು ಮನಸ್ಸು ಕುಸಿದಾಗ ಮಾತಾಡಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಕಾಲೇಜಿನಲ್ಲಿ ಡ್ಯೂಟಿಯಲ್ಲಿದ್ದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲೆ ಡ್ಯೂಟಿ ಕೋಣೆಯ ಬಗ್ಗೆ ಕೇಳುವುದು ಸಂಕೋಚದ ವಿಷಯವಾಗಿ ಉಳಿದಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆಯೇ, ವಾರ್ಡಿನಿಂದ ಹಾಸ್ಟೆಲಿಗೆ ರಾತ್ರಿ ನಡೆಯುವ ದಾರಿಯಲ್ಲಿ ದೀಪವಿದೆಯೇ ಎಂದು ನೇರವಾಗಿ ಕೇಳಿ.

ಹೊಸ ಪಿಜಿ ವಿಭಾಗವಾದರೆ ಇನ್ನೊಂದು ಪ್ರಶ್ನೆ: ಬರೀ ಪ್ರವೇಶಕ್ಕೆ ಅನುಮತಿ ಸಿಕ್ಕಿದೆಯೋ, ಪದವಿಗೆ ಮಾನ್ಯತೆಯೂ ಸಿಕ್ಕಿದೆಯೋ? ಮಾನ್ಯತೆಯ ತಪಾಸಣೆ ನಡೆಯುವುದು ಮೊದಲ ತಂಡದ ಕೊನೆಯ ಪರೀಕ್ಷೆಯ ಹೊತ್ತಿಗೆ. ಮೊದಲ ತಂಡದಲ್ಲಿ ಸೇರುವವರು ಈ ಅನಿಶ್ಚಿತತೆಯನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು. ಮನೆಗೆ ಹತ್ತಿರವೆಂದು ಗದಗದ ಜಿಮ್ಸ್, ಕೊಪ್ಪಳದ ಕಾಲೇಜುಗಳತ್ತ ನೋಡುವವರೂ ಆ ವರ್ಷದ ಸೀಟು ಪಟ್ಟಿಯಲ್ಲಿ ವಿಭಾಗವಾರು ಏನಿದೆ ಎಂದು ನೋಡಿಯೇ ಬರೆಯಲಿ. ಎರಡೂ 2015ರಲ್ಲಿ ಶುರುವಾದ ಎಳೆಯ ಕಾಲೇಜುಗಳು. ಪಿಜಿ ಎಲ್ಲಿ ಓದಿದರೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯ ರೆಸಿಡೆನ್ಸಿ ಇದ್ದೇ ಇದೆ.

ದುಡ್ಡಿನ ಮಾತು

2024ರಲ್ಲಿ ಕರ್ನಾಟಕದ ಸರ್ಕಾರಿ ಕಾಲೇಜುಗಳ ರೆಸಿಡೆಂಟರು ಮುಷ್ಕರ ಹೂಡಿದ ಮೇಲೆ ಸ್ಟೈಪೆಂಡ್ 25 ಶೇಕಡ ಏರಿತು. ಮೊದಲ ವರ್ಷ ತಿಂಗಳಿಗೆ 56,250, ಎರಡನೇ ವರ್ಷ 62,500, ಮೂರನೇ ವರ್ಷ 68,750 ರೂಪಾಯಿ. ಕೂಡಿಸಿದರೆ ಮೂರು ವರ್ಷಕ್ಕೆ 22 ಲಕ್ಷ 50 ಸಾವಿರ. ಖಾಸಗಿ ಸೀಟನ್ನು ತೂಗುವಾಗ ಅಲ್ಲಿನ ಫೀ ಒಂದನ್ನೇ ನೋಡಿದರೆ ಸಾಲದು. ಫೀ, ಸಾಲದ ಬಡ್ಡಿ, ಹಾಸ್ಟೆಲ್, ಜೊತೆಗೆ ಸರ್ಕಾರಿ ಸೀಟಿನಲ್ಲಿ ಬರಬಹುದಾಗಿದ್ದ ಈ ಸ್ಟೈಪೆಂಡ್ ಅಲ್ಲಿ ಎಷ್ಟು ಕಡಿಮೆಯೋ ಅದೂ ಸೇರಬೇಕು. ಖಾಸಗಿ ಕಾಲೇಜುಗಳೂ ರಾಜ್ಯ ಸರ್ಕಾರದಷ್ಟೇ ಕೊಡಬೇಕು ಎಂಬುದು ನಿಯಮ. ಎಷ್ಟು ಕೊಡುತ್ತೀರಿ ಎಂದು ಬಹಿರಂಗಪಡಿಸಿ ಎಂದು ಆಯೋಗ 2025ರಲ್ಲಿ ಮತ್ತೆ ಹೇಳಬೇಕಾಯಿತು.

ನಮ್ಮ ಕಡೆ ಹೊಲ ಮಾರಿ ಪಿಜಿ ಮಾಡಿಸಿದವರುಂಟು. ಮಲಪ್ರಭಾ ಕಾಲುವೆಯ ನೀರು ಹಾಯುವ ನಾಲ್ಕು ಎಕರೆ ಹೋದರೆ ಮರಳಿ ಬಾರದು; ಇನ್ನೊಂದು ವರ್ಷ ಓದಿದರೆ ರ್‍ಯಾಂಕ್ ಬರಬಹುದು. ಮೊದಲ ಅಥವಾ ಎರಡನೇ ಪ್ರಯತ್ನದಲ್ಲಿರುವವರಿಗೆ ಹೊಲ ಮಾರಿಸುವ ಸೀಟು ಬೇಡವೆಂದೇ ನನ್ನ ಅಭಿಪ್ರಾಯ. ಆ ಗೆರೆಯನ್ನು ಪಟ್ಟಿ ಬರೆಯುವ ಮೊದಲೇ ಅಪ್ಪನೊಂದಿಗೆ ಕೂತು ಎಳೆಯಿರಿ, ಸೀಟು ಬಂದ ಮೇಲಲ್ಲ.

ಬಾಂಡ್ ಕೂಡ ದುಡ್ಡೇ. ಕರ್ನಾಟಕದಲ್ಲಿ 2012ರ ಕಾಯ್ದೆಯಂತೆ ಪಿಜಿ ನಂತರ ಒಂದು ವರ್ಷ ಸರ್ಕಾರಿ ಸೇವೆ ಕಡ್ಡಾಯವಾಗಿತ್ತು. 2023ರ ತಿದ್ದುಪಡಿಯ ಮೇಲೆ ಅದು ಖಾಲಿ ಹುದ್ದೆಗಳಿಗೆ ತಕ್ಕಂತೆ. ಹೊರರಾಜ್ಯದ್ದು ಬೇರೆ. ಪಶ್ಚಿಮ ಬಂಗಾಳದಲ್ಲಿ ಮೂರು ವರ್ಷದ ಬಾಂಡ್ ಇದೆ. ಅಖಿಲ ಭಾರತ ಕೋಟಾದಲ್ಲಿ ಒಳ್ಳೆಯ ಕಾಲೇಜೆಂದು ಬರೆಯುವ ಮುನ್ನ ಆ ರಾಜ್ಯದ ಬಾಂಡ್ ಎಷ್ಟು ವರ್ಷ, ಮುರಿದರೆ ಎಷ್ಟು ಲಕ್ಷ, ಮೂಲ ಪ್ರಮಾಣಪತ್ರಗಳನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ ಎಂದು ನೋಡಿ. ಅಲ್ಲಿನ ರೋಗಿಗಳ ಭಾಷೆ ಬಾರದಿದ್ದರೆ ಮೊದಲ ಆರು ತಿಂಗಳು ವಾರ್ಡಿನಲ್ಲಿ ಪರದಾಟ ತಪ್ಪದು ಎಂಬುದನ್ನೂ.

ಆರೋಗ್ಯ ಇಲಾಖೆಯಲ್ಲಿ ಈಗಾಗಲೇ ಕೆಲಸದಲ್ಲಿರುವ ವೈದ್ಯರ ದಾರಿ ಬೇರೆ. ಸೇವಾನಿರತ ವೈದ್ಯರಿಗೆ ರಾಜ್ಯಗಳು ಸೀಟು ಮೀಸಲಿಡಬಹುದು ಎಂದು 2020ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಹೇಳಿದೆ. ಹೊಳೆಆಲೂರು, ಕೊಣ್ಣೂರಿನಂಥ ಊರಿನಲ್ಲಿ ವರ್ಷಗಟ್ಟಲೆ ದುಡಿದವರು ಸೇವಾ ಪ್ರಮಾಣಪತ್ರಕ್ಕೆ ಫಲಿತಾಂಶದವರೆಗೆ ಕಾಯದೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಬೇಕು.

ನಾಡಕಚೇರಿಯ ಕೆಲಸ

ಒಳ್ಳೆಯ ರ್‍ಯಾಂಕ್ ಇದ್ದೂ ಸೀಟು ತಪ್ಪುವುದು ಒಮ್ಮೊಮ್ಮೆ ಒಂದು ಕಾಗದಕ್ಕೆ. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರ ಕೆಇಎಗೆ ನಡೆಯುತ್ತದೆ. ಅಲ್ಲಿ ಆರ್‌ಡಿ ಸಂಖ್ಯೆಯಿಂದ ಪರಿಶೀಲಿಸುತ್ತಾರೆ. ಎಂಸಿಸಿಗೆ ಅದು ನಡೆಯದು. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲೇ ಕೆನೆಪದರ ಅಲ್ಲವೆಂಬ ಪ್ರಮಾಣಪತ್ರ ಬೇಕು. ರಾಜ್ಯದಲ್ಲಿ ಹಿಂದುಳಿದ ವರ್ಗಕ್ಕೆ ಸೇರಿದ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಇಲ್ಲದವರು ವಾರ್ಷಿಕ ಆದಾಯ, ಆಸ್ತಿಯ ಮಿತಿಯೊಳಗೆ ಬಂದರೆ ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರಕ್ಕೆ ಅರ್ಹರೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಲಿ. ಅಖಿಲ ಭಾರತ ಕೋಟಾದಲ್ಲಿ ಒಬಿಸಿಗೆ 27, ಆರ್ಥಿಕವಾಗಿ ಹಿಂದುಳಿದವರಿಗೆ 10 ಶೇಕಡ ಮೀಸಲು. ಗಜೇಂದ್ರಗಡ ಈಗ ತಾನೇ ತಾಲ್ಲೂಕು ಕೇಂದ್ರ, ರೋಣಕ್ಕೆ ಓಡಾಡಬೇಕಿಲ್ಲ; ಆದರೆ ಹಳೆಯ ಪ್ರಮಾಣಪತ್ರಗಳಲ್ಲಿ ರೋಣ ತಾಲ್ಲೂಕು ಎಂದೂ ಹೊಸದರಲ್ಲಿ ಗಜೇಂದ್ರಗಡ ತಾಲ್ಲೂಕು ಎಂದೂ ಇರುವವರು ಆ ವ್ಯತ್ಯಾಸಕ್ಕೆ ವಿವರಣೆ ಸಿದ್ಧ ಇಟ್ಟುಕೊಂಡಿರಲಿ.

ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆಯಿರಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಅಕ್ಕಪಕ್ಕದ ಎರಡೆರಡು ಸೀಟುಗಳನ್ನು ಹಿಡಿದು ‘ಎರಡೂ ಎದುರಿಗಿದ್ದರೆ ಯಾವುದಕ್ಕೆ ಹೋಗುತ್ತೇನೆ?’ ಎಂದು ಕೇಳಿಕೊಳ್ಳುತ್ತ ಕೆಳಗಿಳಿಯಿರಿ. ಆಮೇಲೆ ಕಂಪ್ಯೂಟರಿಗೆ ಹಾಕಿ. ಕೊನೆಯ ರಾತ್ರಿಯವರೆಗೆ ಕಾಯಬೇಡಿ. ಸರ್ವರ್ ನಿಧಾನವಾಗುವುದೂ ಊರಿನಲ್ಲಿ ಕರೆಂಟ್ ಹೋಗುವುದೂ ಅದೇ ರಾತ್ರಿ. ನೀವು ಲಾಕ್ ಮಾಡದಿದ್ದರೆ ಗಡುವು ಮುಗಿದಾಗ ಎಂಸಿಸಿಯಲ್ಲಿ ತಾನಾಗಿ ಲಾಕ್ ಆಗುತ್ತದೆ, ಆಗ ಪರದೆಯ ಮೇಲೆ ಯಾವ ಕ್ರಮ ಇತ್ತೋ ಅದೇ ಖಾಯಂ. ಲಾಕ್ ಆದ ಪಟ್ಟಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್, ಓಟಿಪಿ ಯಾವ ಏಜೆಂಟನಿಗೂ ಕೊಡಬೇಡಿ. ‘ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿಕೊಡ್ತೀನಿ’ ಎಂದು ಮುಂಗಡ ಕೇಳುವವರಿಂದ ದೂರ ಇರಿ; ಪಿಜಿ ಸೀಟು ಕೌನ್ಸೆಲಿಂಗ್ ಮೂಲಕವೇ ಸಿಗಬೇಕು, ಅದು ಯಾವ ಕೋಟಾ ಆದರೂ.

ಕೊನೆಗೆ, ಈ ಮೂರು ತಾಲ್ಲೂಕುಗಳಿಂದ ಹೋಗಿ ಪಿಜಿ ಮುಗಿಸಿ ಹುಬ್ಬಳ್ಳಿ, ಬೆಂಗಳೂರು, ಹೊರದೇಶಗಳಲ್ಲಿ ನೆಲೆಸಿದ ವೈದ್ಯರಲ್ಲಿ ಒಂದು ಮನವಿ. ಕೌನ್ಸೆಲಿಂಗ್ ನಡೆಯುವ ದಿನಗಳಲ್ಲಿ ಊರಿನ ಹುಡುಗ ಹುಡುಗಿಯರ ಫೋನ್ ಎತ್ತಿ. ನಿಮ್ಮ ಹಳೆಯ ವಿಭಾಗದ ನಿಜಸ್ಥಿತಿಯನ್ನು ಅರ್ಧ ತಾಸು ಬಿಚ್ಚಿ ಹೇಳಿದರೆ ಅವರ ಪಟ್ಟಿ ಸರಿಯಾಗುತ್ತದೆ.